ಅಮ್ಮನ ತುತ್ತು

ಸೊಪ್ಪು ಕಂಡರೆ ಮೂತಿ ತಿರುಗಿಸುತ್ತಿದ್ದ ಮಗಳಿಗೆ ವಾರಿಜ ತುತ್ತಿಗೊಂದು ಹೆಸರಿಟ್ಟು ಉಣ್ಣುವುದನ್ನು ಕಲಿಸಿದ್ದಳು. ಅಜ್ಜಿ ತುತ್ತು, ಅಪ್ಪನ ತುತ್ತು ಎಂದರೆ ಸಾಕು, ಮಗು ತಟ್ಟೆ ಬರಿದು ಮಾಡಿ ಬೀಗುತ್ತಿತ್ತು.

ಆಮೇಲೆ ಅಪ್ಪ ಕಾಯಿಲೆ ಬಿದ್ದ. ಅನ್ನ ಸೇರದೆ ಸೊರಗಿ ಸೊರಗಿ ತೀರಿಕೊಂಡ. ಅಂದಿನಿಂದ ಮಗಳು ಊಟಕ್ಕೆ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಟಾನಿಕ್ ಕುಡಿಸಿದರೂ ಹಸಿವೆನ್ನಲಿಲ್ಲ. ಇವಳೂ ಕೈ ತಪ್ಪಿ ಹೋದರೆ ಎಂಬ ಭಯ ವಾರಿಜಳಿಗೆ.

ಇವತ್ತೂ ಮೆಂತ್ಯಸೊಪ್ಪಿನ ಸಾರಿನಲ್ಲಿ ಅನ್ನ ಕಲಸಿ ಕೂತಳು.

"ನನ್ನ ಜಾಣಮರಿ ಅಲ್ವಾ? ಇದು ಅಜ್ಜಿ ತುತ್ತು."

ಮಗಳು ತಲೆ ಅಲ್ಲಾಡಿಸಿದಳು.

"ಹೋಗ್ಲಿ, ಅಮ್ಮನ ತುತ್ತು ಇದು. ಇದೊಂದು ತಿನ್ನು ಚಿನ್ನಾ."

ಮಗಳು ತುತ್ತು ಹಿಡಿದ ಕೈಯನ್ನು ವಾರಿಜಳ ಬಾಯಿಯತ್ತಲೇ ತಳ್ಳಿದಳು.

"ನೀನೇ ತಿನ್ನಮ್ಮಾ. ಅಪ್ಪನ ತುತ್ತೆಲ್ಲಾ ನಾನೇ ತಿಂದ್‌ಬಿಟ್ಟೆ."