ಮೀಸೆಯ ಮನೆತನ

ರೋಣದ ದವಾಖಾನೆಯಲ್ಲಿ ಪರದೆ ಸರಿಸಿ, ಮುಂಬಯಿ ಸರಕಾರದಿಂದ ಬಂದ ಹೊಸ ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೊರಬಂದರು. ಹಿಂದೆಯೇ ಹದಿನಾರರ ಅಂದಾನಪ್ಪ ತಲೆ ತಗ್ಗಿಸಿ ಬಂದು ಅವ್ವ ಚನ್ನವ್ವನ ಪಕ್ಕ ನಿಂತ. ಓರಗೆಯ ಹುಡುಗರಿಗೆಲ್ಲ ಮೀಸೆ ಚಿಗುರಿ ದನಿ ಒಡೆದಿದ್ದರೂ ಇವನದು ಇನ್ನೂ ಹಾಲುಗೆನ್ನೆ, ಎಳೆ ದನಿ.

“ನೋಡ್ರಿ ಡಾಕ್ಟರ್ರ,” ಎಂದು ಅವನಪ್ಪ ಗುರುಸಂಗಪ್ಪ ತನ್ನ ಹುರಿಮೀಸೆಯ ಮೇಲೆ ಕೈಯಾಡಿಸಿದ. “ನಮ್ಮದು ಮೀಸಿ ಮನೆತನ. ಇದೆಲ್ಲಾ ಇಕಿ ತವರುಮನಿ ಕಡೆಯಿಂದ ಬಂದದ್ದು. ಮುಶಿಗೇರಿಯವರ ರಕ್ತಾನ ತೆಳ್ಳಗ.”

ಎರಡು ವರ್ಷದಿಂದ ಚನ್ನವ್ವ ಇದನ್ನೇ ಕೇಳಿ ಕೇಳಿ ಸಾಕಾಗಿದ್ದಳು. ರೊಟ್ಟಿ ಹರಿದರೂ ಮುಶಿಗೇರಿ, ಎಮ್ಮೆ ಒದ್ದರೂ ಮುಶಿಗೇರಿ. ಈಗ ಡಾಕ್ಟರೂ ಹೂಂ ಅಂದುಬಿಟ್ಟರೆ ತವರಿನ ಮಾನ ಮೂರಾಬಟ್ಟೆ.

“ರೋಗ ಏನೂ ಇಲ್ರಿ,” ಎಂದರು ಡಾಕ್ಟರು. “ಎತ್ತರ ನೋಡೀನಿ, ಗಂಟಲ ನೋಡೀನಿ, ಮೈಯೆಲ್ಲಾ ತಪಾಸ ಮಾಡೀನಿ. ಹರೇಕ್ಕ ಬರೂದಂದ್ರ ಪಾವಟಿಗಿ ಹತ್ತಿದಂಗ, ಒಂದಾದಮ್ಯಾಲೆ ಒಂದು. ಮೀಸಿ ಇರೂದು ಕಡೀ ಪಾವಟಿಗ್ಯಾಗ. ಇಂವ ಈಗ ಮೊದಲನೇದರ ಮ್ಯಾಲೆ ಕಾಲಿಟ್ಟಾನ, ಅಷ್ಟ. ಕೆಲವು ಮನೆತನದಾಗ ಎಲ್ಲಾರೂ ತಡಾನ ಹತ್ತತಾರ. ನಿಮಗ ಯಾವ ವಯಸ್ಸಿಗೆ ಬಂತ್ರಿ ಈ ಮೀಸಿ?”

“ನನಗ? ಹದಿನಾಲ್ಕಕ್ಕ!”

ಮೂಲೆಯ ಬಾಕಿನ ಮೇಲೆ ಮೊಣಕಾಲು ತಿಕ್ಕುತ್ತ ಕೂತಿದ್ದ ಗುರುಸಂಗಪ್ಪನ ತಾಯಿ ಮುದುಕವ್ವ ಬೊಚ್ಚುಬಾಯಿ ತೆರೆದು ನಕ್ಕುಬಿಟ್ಟಳು.

“ಎಲ್ಲೀ ಹದಿನಾಲ್ಕೋ! ಹತ್ತೊಂಬತ್ತಕ್ಕ ಲಗ್ನ ಮಾಡಿದಾಗ ಒಂದ ಕೂದಲಾ ಇರಲಿಲ್ಲ. ಬೀಗರು ನಕ್ಕಾರಂತ ನಾನ ಕಾಡಿಗಿಲೆ ಮೀಸಿ ತಿದ್ದಿ ಹಸಿಮಣಿಗೆ ಕಳಿಸಿದ್ದೆ.”

ಗುರುಸಂಗಪ್ಪನ ಕೈ ಮೀಸೆಯಿಂದ ತಾನಾಗಿಯೇ ಕೆಳಗಿಳಿಯಿತು. ಚನ್ನವ್ವನಿಗೆ ಆ ದಿನ ನೆನಪಾಯಿತು. ಅಕ್ಷತೆಯ ಹೊತ್ತಿಗೆ ಬೆವೆತುಹೋದ ಮದುಮಗನ ತುಟಿಯ ಮೇಲೆಲ್ಲ ಕಪ್ಪು ಹರಡಿತ್ತು. ದೃಷ್ಟಿಬೊಟ್ಟು ಕರಗಿದೆ, ಪಾಪ, ಅಂದುಕೊಂಡಿದ್ದಳು ಅವಳು!

ಅಂದಾನಪ್ಪ ಆ ಎಳೆ ದನಿಯಲ್ಲೇ ಕಿಸಕ್ಕನೆ ನಕ್ಕ. ಅವನು ತಲೆಯೆತ್ತಿ ನಕ್ಕು ಎಷ್ಟು ದಿನವಾಗಿತ್ತೋ. ಚನ್ನವ್ವನಿಗೆ ಹೆಮ್ಮೆ ತಡೆಯಲಾಗಲಿಲ್ಲ. ಸೆರಗು ಸರಿಮಾಡಿಕೊಂಡು, ಮಗನ ಹೆಗಲ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಳು.

“ಅತ್ತೀ, ಇನ್ನೊಮ್ಮೆ ಗಟ್ಟ್ಯಾಗಿ ಹೇಳ್ರಿ. ಮುಶಿಗೇರಿ ತನಕಾ ಕೇಳಲಿ.”