ಹುಳು ಮನೆಯ ಹೊಸಲು

“ಹುಳ ಹೆಂಗವೆ?”

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಪುಟ್ಟಲಿಂಗಯ್ಯ ಕೇಳಿದ ಮೊದಲ ಮಾತು ಇದು. ಎದೆ ಕೊಯ್ಯದೆ, ತೊಡೆಯ ರಕ್ತನಾಳದಲ್ಲಿ ತೆಳು ಕೊಳವೆ ತೂರಿಸಿ, ಹೃದಯದೊಳಗೆ ಹೆಪ್ಪುಗಟ್ಟಿದ್ದ ರಕ್ತವನ್ನು ಡಾಕ್ಟರು ಹೀರಿ ತೆಗೆದಿದ್ದರು.

“ಚೆಂದಾಗವೆ,” ಎಂದಳು ಹೆಂಡತಿ ದಾಸಮ್ಮ, ಮುಖ ಆಚೆ ತಿರುಗಿಸಿ.

ಆ ತಿರುಗಿಸಿದ್ದೇ ಅವನಿಗೆ ಸರಿಬರಲಿಲ್ಲ. ಅಕ್ಕೂರಿನ ಮನೆಯಲ್ಲಿ ರೇಷ್ಮೆ ಹುಳು ಕೊನೆಯ ಸಲ ಪೊರೆ ಬಿಟ್ಟು, ನಾಲ್ಕನೇ ಜ್ವರ ಎದ್ದು ಹಗಲಿರುಳು ಸೊಪ್ಪು ಮೇಯುವ ಹೊತ್ತು. ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡಿಗೆ ಎಂದೂ ಕಾಣದ ರೇಟು. ಹಾಳಾದ ಎದೆನೋವು ಈಗಲೇ ಬರಬೇಕಿತ್ತೆ! ಸದ್ಯ, ಅವ್ವ ಮಾಯಮ್ಮ ಮನೆಯಲ್ಲಿದ್ದಳು. ಅವಳು ಕಾವಲಿದ್ದರೆ ಹುಳುವಿಗೆ ಕೇಡಿಲ್ಲ. ಬೀಡಿ ಸೇದಿದವರು, ಸೂತಕದವರು ಯಾರೂ ಹುಳು ಮನೆಯ ಹೊಸಲು ದಾಟುವಂತಿರಲಿಲ್ಲ. ಗಂಡ ಸತ್ತಾಗ ತಾನೇ ಹೊರಗೆ ನಿಂತು, ಅಳುತ್ತಳುತ್ತಲೇ ಪಕ್ಕದ ತೋಟದವರ ಕೈಲಿ ಸೊಪ್ಪು ಹಾಕಿಸಿದ್ದಳು.

“ಅವ್ವಂಗೆ ಒಸಿ ಫೋನ್ ಮಾಡ್ಕೊಡು.”

“ಅತ್ತೆ ಈಗೆಲ್ಲಿ ಸಿಕ್ತಾರೆ, ಬುಡಿ.”

ಮರುದಿನ ದಾಸಮ್ಮ ಊರಿಗೆ ಹೋಗಿ ಬಂದಳು. ಕಣ್ಣು ಊದಿತ್ತು. ಡಿಸ್ಚಾರ್ಜ್ ದಿನ ಕರೆದೊಯ್ಯಲು ಬಂದ ತಮ್ಮ ಅಂಕಯ್ಯ, ತಲೆಗೆ ಸುತ್ತಿದ ಟವಲನ್ನು ವಾರ್ಡಿನೊಳಗೂ ಬಿಚ್ಚಲಿಲ್ಲ. ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು ಏನೋ ಅಂದರು. “ನಿಧಾನಕ್ಕೆ ಹೇಳಿ” ಎಂಬುದಷ್ಟೇ ಪುಟ್ಟಲಿಂಗಯ್ಯನ ಕಿವಿಗೆ ಬಿತ್ತು.

ಹುಳು ಹೋದವು. ಅವನಿಗೆ ಖಾತ್ರಿಯಾಯಿತು. ಔಷಧಿ ಹೊಡೆದ ಸೊಪ್ಪು ಹಾಕಿರಬೇಕು. ಕಾರಿನಲ್ಲಿ ದಾರಿಯುದ್ದಕ್ಕೂ ಅಳು ನುಂಗಿಕೊಂಡ. ಅವ್ವನ ಮೇಲೆ ಮಾತ್ರ ರೇಗಬಾರದು, ಪಾಪ, ಮುದುಕಿ ಎಷ್ಟು ನೊಂದಿದ್ದಾಳೋ ಎಂದುಕೊಂಡ.

ಕಾರಿಳಿದವನೇ ನೇರ ಹುಳು ಮನೆಗೆ ನಡೆದ.

“ಒಳಕ್ಕೆ ಹೋಗ್ಬ್ಯಾಡಿ!” ದಾಸಮ್ಮ ಓಡಿ ಬಂದು ತೋಳು ಹಿಡಿದಳು.

“ಸತ್ತಿದ್ರೆ ಸತ್ತವೆ ಅನ್ನು. ತಡ್ಕತೀನಿ.”

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಹೊಸಲ ಮೇಲೆ ಕಾಲಿಟ್ಟು ಬಾಗಿಲು ತಳ್ಳಿದ. ಒಳಗೆಲ್ಲ ಸೊಪ್ಪು ಮೇಯುವ ಚರಚರ ಸದ್ದು. ತಟ್ಟೆ ತಟ್ಟೆಯಲ್ಲೂ ಬೆರಳು ಗಾತ್ರದ ಹುಳು. ಒಂದೂ ಸತ್ತಿರಲಿಲ್ಲ. ಅವನ ಎದೆ ಹಗುರಾಯಿತು.

ಸೊಪ್ಪು ಹರಡುತ್ತಿದ್ದವನು ಪಕ್ಕದ ತೋಟದ ಸಮದ್. ಪುಟ್ಟಲಿಂಗಯ್ಯನನ್ನು ಕಂಡು ಅವನ ಕೈ ನಿಂತಿತು.

ಪುಟ್ಟಲಿಂಗಯ್ಯ ತಿರುಗಿ ನೋಡಿದ. ಹೆಂಡತಿ, ತಮ್ಮ ಇಬ್ಬರೂ ಹೊಸಲಿನಾಚೆಯೇ ನಿಂತಿದ್ದರು. ಅಂಕಯ್ಯ ಮೆಲ್ಲಗೆ ಟವಲು ಬಿಚ್ಚಿದ. ತಲೆ ಬೋಳಿಸಿಕೊಂಡಿದ್ದ.

ಪುಟ್ಟಲಿಂಗಯ್ಯ ಹೊಸಲ ಮೇಲಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. “ಅವ್ವ ಯಾವಾಗ ಹೋದ್ಲು?”