ಎಡವಟ್ಟಿನವಳು

ಕನ್ನಡಿಯ ಮುಂದೆ ನಿಂತ ಹೆಡ್‌ಮೇಡಂ ಹೊಸ ಕೋಟಿನ ಗುಂಡಿ ಹಾಕಿಕೊಂಡು ಹುಬ್ಬು ಗಂಟಿಕ್ಕಿದರು. ಎದೆಯ ಒಂದು ಪಾಲು ಕಡುನೀಲಿ, ಇನ್ನೊಂದು ಪಾಲು ಹತ್ತು ಸಲ ಒಗೆದ ಹಾಗೆ ಪೇಲವ. ಎರಡೂ ಒಂದೇ ತುಂಡಿನ ಮಖಮಲ್ಲು.

“ಏನ್ರೀ ಮಾಸ್ತರೇ ಇದು?”

ದರ್ಜಿ ಕತ್ತರಿಸುವ ಮೇಜಿನಿಂದ ತಲೆಯೆತ್ತಲಿಲ್ಲ. “ನಮ್ಮನೆಯವಳ ಎಡವಟ್ಟು ಮೇಡಂ, ಇನ್ಯಾರದು! ಇಪ್ಪತ್ತೆರಡು ವರ್ಷದಿಂದ ಹೇಳಿ ಹೇಳಿ ನನ್ನ ಬಾಯಿ ಸವೀತು.”

ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ಹೆಂಡತಿ ಪೆಡಲಿನಿಂದ ಕಾಲು ತೆಗೆದಳು. ಆ ಮಾತು ಅವಳಿಗೆ ಹೊಸದಲ್ಲ. ಹಾಲು ಉಕ್ಕಿದರೆ ಎಡವಟ್ಟು, ಮಗಳು ಅಂಕ ಕಡಿಮೆ ತಂದರೆ ಅದೂ ಅವಳದೇ ಎಡವಟ್ಟು. ಅವನ ಕೈಯಲ್ಲಿ ಕೆಟ್ಟದ್ದಕ್ಕೆ ಮಾತ್ರ ಬೇರೆ ಕಾರಣಗಳಿದ್ದವು: ಕತ್ತರಿ ಮೊಂಡು, ಬಟ್ಟೆ ಕಳಪೆ, ಕರೆಂಟು ಹೋಗಿತ್ತು. ಬರಬರುತ್ತಾ ಎಡವಟ್ಟು ಎಂಬುದು ಅವಳ ಹೆಸರೇ ಆಗಿಹೋಗಿತ್ತು. “ಎಡವಟ್ಟೂ, ಸೀಮೆಸುಣ್ಣ ಎಲ್ಲಿ?” ಎಂದರೆ ಎದ್ದು ಹುಡುಕಿಕೊಡುತ್ತಿದ್ದಳು. ಅಂಗಡಿಗೆ ಬಂದವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ಇವತ್ತು ಮೇಡಂ ನಗಲಿಲ್ಲ. “ನಮ್ಮ ಶಾಲೆ ಹುಡುಗಿಯರಿಗೆ ಹೊಲಿಗೆ ಕಲಿಸೋಕೆ ಸೋಮವಾರದಿಂದ ನಿಮ್ಮನ್ನೇ ಕರೆಯೋಣ ಅಂತಿದ್ದೆ. ಕಲಿಸೋರೇ ಹೀಗೆ ಮಾಡಿದ್ರೆ ಹೇಗಮ್ಮ? ಬೇರೆ ಯಾರನ್ನಾದ್ರೂ ನೋಡ್ತೀನಿ ಬಿಡಿ.”

ಹೆಂಡತಿ ಎದ್ದು ಬಂದಳು. ಮೇಡಂ ಕೈ ಹಿಡಿದು ಕೋಟಿನ ಕಡುನೀಲಿ ಪಾಲಿನ ಮೇಲೆ ಮೇಲಿನಿಂದ ಕೆಳಕ್ಕೆ ಸವರಿಸಿದಳು. “ಇಲ್ಲಿ ಅಂಗೈಗೆ ತಡೀತು, ಅಲ್ವಾ?” ಆಮೇಲೆ ಪೇಲವ ಪಾಲಿನ ಮೇಲೆ. “ಇಲ್ಲಿ ಜಾರ್ತು. ಮಖಮಲ್ಲಿನ ಎಳೆ ಒಂದೇ ಕಡೆಗೆ ಮಲಗಿರುತ್ತೆ ಮೇಡಂ. ಕತ್ತರಿಸೋವಾಗ ಒಂದು ಪಾಲು ತಲೆಕೆಳಗಾಗಿದೆ. ಹೊಲಿಗೇಲಿ ಹೀಗಾಗೋಕೆ ಸಾಧ್ಯನೇ ಇಲ್ಲ.”

“ಹೊಲಿಯೋವಾಗ ನಿಮಗೆ ಗೊತ್ತಾಗಲಿಲ್ವಾ?”

“ಗೊತ್ತಾಯ್ತು. ಹೇಳ್ದೆ. ಸುಮ್ನೆ ಹೊಲಿ ಅಂದ್ರು. ಬಟ್ಟೆಗೆ ಕತ್ತರಿ ಹಾಕೋಕೆ ನಂಗಿನ್ನೂ ಬಿಟ್ಟಿಲ್ಲ.”

ಮೇಡಂ ಮೇಜಿನ ಕಡೆ ತಿರುಗಿದರು. “ಓಹೋ! ಹಾಗಾದ್ರೆ ಎಡವಟ್ಟು ಮಾಸ್ತರದು!”

“ಎಡವಟ್ಟೇನಲ್ಲ ಮೇಡಂ, ಒಂಚೂರು ಕಣ್ತಪ್ಪು,” ಎಂದ ದರ್ಜಿ ಗಡಿಬಿಡಿಯಲ್ಲಿ.

ಅಷ್ಟು ಮೆತ್ತಗಿನ ಮಾತೊಂದು ಅವನ ಬಳಿ ಇದೆಯೆಂದು ಹೆಂಡತಿಗೆ ಗೊತ್ತಾದದ್ದೇ ಆಗ.

“ಹೊಸ ಬಟ್ಟೆ ಹಾಕಿ ಸರಿಮಾಡಿ ಕೊಡಿ,” ಎಂದು ಮೇಡಂ ಕೋಟು ಬಿಚ್ಚಿಟ್ಟರು. ಬಾಗಿಲಲ್ಲಿ ನಿಂತು ಅವಳಿಗೆ ಹೇಳಿದರು, “ಸೋಮವಾರ ಹತ್ತು ಗಂಟೆಗೆ ಬನ್ನಿ. ಈ ಕೈಯಾಡಿಸಿ ನೋಡೋದನ್ನೇ ಮೊದಲು ಕಲಿಸಿ.”

ಅವರು ಮೆಟ್ಟಿಲಿಳಿದ ಮೇಲೆ ಹೆಂಡತಿ ಉಳಿದ ಮಖಮಲ್ಲನ್ನು ಮೇಜಿನ ಮೇಲೆ ಹಾಸಿದಳು. ಅಂಗೈಯಿಂದ ಒಮ್ಮೆ ಸವರಿ ನೋಡಿ, ದೊಡ್ಡ ಕತ್ತರಿಯನ್ನು ಕೈಗೆ ತೆಗೆದುಕೊಂಡಳು.

“ಕೊಡು ಇಲ್ಲಿ ಅದನ್ನ, ಎಡ...” ಎಂದ ದರ್ಜಿ ಅಲ್ಲಿಗೇ ನಿಂತ. ಬೇರೇನೆಂದು ಕರೆಯುವುದೋ ಅವನ ನಾಲಿಗೆಗೆ ಬರಲಿಲ್ಲ.

ತೆರೆದ ಕತ್ತರಿ ಹಿಡಿದುಕೊಂಡು ಅವಳು ಕಾಯುತ್ತಾ ನಿಂತಳು.